ಐದನೇ ಲ್ಯಾಪಿಗೇ ಟೈರ್ ಸತ್ತೋಗ್ತಿದೆ: ಅಸೆಟ್ಟೊ ಕೊರ್ಸಾ ಸರ್ವರ್‌ನಲ್ಲಿ ಸವೆತ ಎಷ್ಟಿಡಬೇಕು?

ಹೊಲಿಗೆಮಷಿನ್_ರೇಸರ್

ನಮಸ್ಕಾರ ಎಲ್ಲರಿಗೂ. ಪೋಸ್ಟು ಉದ್ದ ಇದೆ, ಕಾಫಿ ಪಕ್ಕದಲ್ಲಿಟ್ಕೊಂಡು ಓದಿ.

ನಾವು ಎಂಟು ಜನ ಪ್ರತಿ ಶನಿವಾರ ರಾತ್ರಿ ಊಟ ಆದ್ಮೇಲೆ ಅಸೆಟ್ಟೊ ಕೊರ್ಸಾದಲ್ಲಿ ರೇಸ್ ಆಡ್ತೀವಿ. 2014ರ ಹಳೇ ಗೇಮು, ಅದೇ ಕಂಪನಿಯ ಆಮೇಲಿನ ಗೇಮು ಕಾಂಪಿಟಿಜಿಯೋನೆ ಅಲ್ಲ. ಕಾಂಪಿಟಿಜಿಯೋನೆ ಹಾಕಿದ್ರೆ ನಮ್ಮಲ್ಲಿ ಮೂರು ಜನರ ಕಂಪ್ಯೂಟರ್ ಫ್ಯಾನು ರಾಗಿ ಮಿಲ್ಲಿನ ಥರ ಶಬ್ದ ಮಾಡುತ್ತೆ. ಹಾಸ್ಟೆಲ್ ಕಾಲದ ಗುಂಪು, ಜೊತೆಗೆ ನನ್ನ ಚಿಕ್ಕಪ್ಪನ ಮಗ. ಸರ್ವರ್ ನಡೆಸೋದು ನಾನು, ಹಾಸನದ ನಮ್ಮನೆ ನಡುಮನೇಲಿ ಕೂತಿರೋ ಒಂದು ಹಳೇ ಲ್ಯಾಪ್‌ಟಾಪಿಂದ. ಸ್ಟೀರಿಂಗ್ ಬಿಗಿದಿರೋದು ಅಮ್ಮನ ಹೊಲಿಗೆ ಮಷಿನ್ ಟೇಬಲ್ಲಿಗೆ, ಅದಕ್ಕೇ ಈ ಹೆಸರು. ಕಾಲ ಹತ್ರ ಮಷಿನ್ ಪೆಡಲ್ಲೂ ಇರುತ್ತೆ. ಎರಡು ಸಲ ಬ್ರೇಕ್ ಅಂತ ಅದನ್ನೇ ತುಳಿದು ಸೀದಾ ಜಲ್ಲಿಗೆ ಹೋಗಿದ್ದೀನಿ.

ಸಮಸ್ಯೆಗೆ ಬರ್ತೀನಿ. ಈ ತಿಂಗಳು ಬಾರ್ಸಿಲೋನಾ ಟ್ರ್ಯಾಕು, ಎಲ್ಲರಿಗೂ ಬಿಎಂಡಬ್ಲ್ಯು ಝೆಡ್4 ಜಿಟಿ3 ಕಾರು, 24 ಲ್ಯಾಪ್, ಅಂದ್ರೆ 24 ಸುತ್ತು. ಟೈರ್ ಸವೆತ 100ರಲ್ಲಿ (ಶೇಕಡಾ ನೂರು, ಮಾಮೂಲಿ ಸವೆತ) ಇದ್ದಾಗ ಪಿಟ್ (ಟೈರ್ ಬದಲಾಯಿಸೋ ಜಾಗ) ಕಡೆ ಯಾರೂ ತಲೆ ಹಾಕಲ್ಲ. ಸಾಫ್ಟ್ ಟೈರ್ (ಹಿಡಿತ ಜಾಸ್ತಿ, ಬೇಗ ಸವೆಯುತ್ತೆ; ಹಾರ್ಡ್ ಅದಕ್ಕೆ ಉಲ್ಟಾ) ಹಾಕ್ಕೊಂಡು ಹೊರಟವನು ಕೊನೇವರೆಗೂ ಅದರಲ್ಲೇ ಮುಗಿಸ್ತಾನೆ. ಮೀಡಿಯಂ, ಹಾರ್ಡ್ ಇರೋದು ಮೆನುನಲ್ಲಿ ನೋಡೋಕೆ ಮಾತ್ರ ಅನ್ನೋ ಹಾಗಾಗಿತ್ತು. ಸ್ವಲ್ಪ ತಲೆ ಓಡಿಸೋ ರೇಸ್ ಆಗಲಿ ಅಂತ ಎರಡು ವಾರದ ಹಿಂದೆ ಸರ್ವರ್ ಫೈಲ್ ತೆಗೆದು ಟೈರ್ ಸವೆತ 500 ಮಾಡಿದೆ. ಅದೇ ಕೈಲಿ ಹವಾಮಾನಾನೂ ಬದಲಾಯಿಸಿದೆ. ಟಿವಿಯಲ್ಲಿ ಬೇಸಿಗೆ ರೇಸ್‌ಗಳಲ್ಲಿ ಗಾಳಿ 34 ಡಿಗ್ರಿ, ಟ್ರ್ಯಾಕ್ 45 ಡಿಗ್ರಿ ಅಂತೆಲ್ಲ ತೋರಿಸ್ತಾರಲ್ಲ, ಹಾಗಿರಲಿ ಅಂತ.

ಶುರುವಾಯ್ತು ನೋಡಿ. ನಾಲ್ಕು ಲ್ಯಾಪ್ ಕಾರು ಹೇಳಿದ ಮಾತು ಕೇಳುತ್ತೆ. ಐದನೇ ಲ್ಯಾಪಲ್ಲಿ ಮೂರನೇ ತಿರುವಿಗೆ, ಆ ಮುಗಿಯೋದೇ ಇಲ್ಲ ಅನ್ನೋಷ್ಟು ಉದ್ದದ ಬಲ ತಿರುವು ಇದೆಯಲ್ಲ, ಅಲ್ಲಿಗೆ ಹೋದ್ರೆ ಸ್ಟೀರಿಂಗ್ ಎಷ್ಟು ತಿರುಗಿಸಿದ್ರೂ ಕಾರು ಹೊರಗಡೆನೇ ಜಾರ್ಕೊಂಡು ಹೋಗುತ್ತೆ. ಕೈಲಿ ಸ್ಟೀರಿಂಗ್ ಹಗುರ ಆಗಿಬಿಡುತ್ತೆ, ಬೆಣ್ಣೆ ಮೇಲೆ ಹೋಗ್ತಿರೋ ಹಾಗೆ. 1 ನಿಮಿಷ 48 ಸೆಕೆಂಡಿನ ಲ್ಯಾಪು 1:53ಕ್ಕೆ ಬೀಳುತ್ತೆ. ಪಿಟ್‌ಗೆ ಬಂದು ಹೊಸ ಟೈರ್ ಹಾಕಿದ್ರೆ ಮತ್ತೆ ನಾಲ್ಕೇ ಲ್ಯಾಪು. 24 ಲ್ಯಾಪ್ ರೇಸಲ್ಲಿ ನಮ್ಮ ಚಿಕ್ಕಪ್ಪನ ಮಗ ನಾಲ್ಕು ಸಲ ಪಿಟ್‌ಗೆ ಬಂದ. "ಅಣ್ಣ, ಇದು ರೇಸಾ, ಪಂಕ್ಚರ್ ಅಂಗಡಿನಾ?" ಅಂದ.

ಸರಿ, 500 ಜಾಸ್ತಿ ಆಯ್ತು ಅಂತ 200ಕ್ಕೆ ಇಳಿಸಿದೆ. ಅದೇ ಕಥೆ, ಐದನೇ ಲ್ಯಾಪು, ಮೂರನೇ ತಿರುವು. ಆಮೇಲೆ ಒಂದು ದಡ್ಡ ಕೆಲಸ ಮಾಡಿದೆ, ಬಯ್ಯಬೇಡಿ. ಕಾರಿನ ಡೇಟಾ ಬಿಚ್ಚಿ ಟೈರ್ ಫೈಲಲ್ಲಿ ಹಿಡಿತದ ಅಂಕಿಗಳನ್ನೇ ಸ್ವಲ್ಪ ಏರಿಸಿದೆ. ಶನಿವಾರ ಸರ್ವರ್ ಹಾಕಿದ್ರೆ ಚೆಕ್‌ಸಮ್ (ಫೈಲು ಒಂದೇನಾ ಅಂತ ನೋಡೋ ಅಂಕಿ) ಹೊಂದಲ್ಲ ಅಂತ ಏಳು ಜನರನ್ನೂ ಹೊರಗೆ ಹಾಕ್ತು. ಇಡೀ ಬಾರ್ಸಿಲೋನಾದಲ್ಲಿ ನಾನೊಬ್ಬನೇ ಮಹಾರಾಜ. ಫೋನ್ ಮೇಲೆ ಫೋನು. ಹಳೇ ಫೈಲ್ ವಾಪಸ್ ಹಾಕಿದ್ದೀನಿ.

ಈಗಿರೋ ಸೆಟ್ಟಿಂಗು: ಆಂಬಿಯೆಂಟ್ (ಗಾಳಿಯ ಬಿಸಿ) 34, ರೋಡ್ 45. ಡೈನಾಮಿಕ್ ಟ್ರ್ಯಾಕ್ (ಕಾರು ಓಡಿದ ಹಾಗೆ ರಸ್ತೆಯ ಹಿಡಿತ ಏರೋದು) ಶುರು ಶೇಕಡಾ 86, ಲ್ಯಾಪ್ ಗೇನ್ 200 (ಬೇಗ ಹಿಡಿತ ಏರಲಿ ಅಂತ). ಟೈರ್ ಬ್ಲಾಂಕೆಟ್ (ಟೈರನ್ನ ಮೊದಲೇ ಬಿಸಿ ಮಾಡೋ ಹೊದಿಕೆ) ಇದೆ. ಟೈರಿನೊಳಗಿನ ಗಾಳಿ ಒತ್ತಡ ನಾಲ್ಕಕ್ಕೂ 26 ಪಿಎಸ್‌ಐ. ಕಾಂಪಿಟಿಜಿಯೋನೆ ಆಡೋರು 26-27 ಅಂತಾರೆ ಅಂತ ಅದನ್ನೇ ಇಟ್ಟೆ. ಐದನೇ ಲ್ಯಾಪಿಗೆ ಎಡ ಮುಂದಿನ ಟೈರ್ 34 ಪಿಎಸ್‌ಐ ತೋರಿಸುತ್ತೆ. ಅದೇ ಟೈರಿನ ಬಿಸಿ ಒಳಗೆ 121, ನಡುವೆ 115, ಹೊರಗೆ 104.

ನನಗೆ ಬೇಕಿರೋದು ಇಷ್ಟೇ: ಸಾಫ್ಟ್ ಅರ್ಧ ರೇಸ್ ಬರಬೇಕು, ಹಾರ್ಡ್ ಪೂರ್ತಿ ಬರಬೇಕು. ಸವೆತ ಎಷ್ಟಿಡಲಿ? 150? 120?


ಕಾಫಿತೋಟ_ಡ್ರಿಫ್ಟ್

ಸೊನ್ನೆ ಇಟ್ಟು ನೆಮ್ಮದಿಯಾಗಿ ಆಡಿ ಗುರು. ಆಫೀಸಲ್ಲಿ ವಾರವೆಲ್ಲ ಎಕ್ಸೆಲ್ ನೋಡಿ ಶನಿವಾರಾನೂ ಅದನ್ನೇ ಮಾಡ್ಬೇಕಾ?

ಏಳು ಜನರನ್ನ ಹೊರಗೆ ಹಾಕಿದ ಕಥೆಗೆ ಮಾತ್ರ ಪೂರ್ತಿ ಮಾರ್ಕ್ಸ್.


ಅಲೈನ್‌ಮೆಂಟ್_ಕಾಕಾ

ನಮಸ್ಕಾರ್ರಿ. ನಾ ಹುಬ್ಬಳ್ಳ್ಯಾಗ ಹನ್ನೊಂದು ವರ್ಷ ವೀಲ್ ಅಲೈನ್‌ಮೆಂಟ್ ಮಷೀನ್ ಮ್ಯಾಲ ಕೆಲಸಾ ಮಾಡಿದಾಂವ, ಈಗ ಸ್ವಂತ ಅಂಗಡಿ ಐತಿ. ಈ ಗೇಮ್ ಮಗನ ಸಲುವಾಗಿ ಚಾಲೂ ಮಾಡಿದ್ದು. ಅಂವ ಬಿಟ್ಟಾನ, ನಾ ಬಿಟ್ಟಿಲ್ಲ.

ನಿಮ್ಮ ಪೋಸ್ಟಿನಾಗ ಒಂದು ಮಾತೈತಿ, ನೀವ ಬರದು ನೀವ ದಾಟಿ ಹೋಗೀರಿ. ಸವೆತ 500 ಇಟ್ರೂ ಐದನೇ ಲ್ಯಾಪು, 200ಕ್ಕ ಇಳಿಸಿದ್ರೂ ಐದನೇ ಲ್ಯಾಪು. ಖರೇನ ಸವೆದು ಸಾಯ್ತಿದ್ರ, 500ಕ್ಕ ಐದು ಲ್ಯಾಪ್ ಬಂದ ಟೈರು 200ಕ್ಕ ಹನ್ನೆರಡರ ಆಜೂಬಾಜು ಬರಬೇಕಿತ್ತಲ್ಲ? ಬರ್ಲಿಲ್ಲ. ಅಂದ ಮ್ಯಾಲ ಕೊಲ್ಲಾಕತ್ತಿದ್ದು ಸವೆತ ಅಲ್ಲ. ಕಾವು.

ನನ್ನ ಮಾತು ನಂಬಬ್ಯಾಡ್ರಿ, ನೀವ ಪರೀಕ್ಷಾ ಮಾಡ್ರಿ. ಒಬ್ಬರ ಪ್ರಾಕ್ಟೀಸಿಗೆ ಹೋಗ್ರಿ, ಐದು ಲ್ಯಾಪ್ ಹೊಡೆದು ಟೈರ್ ಸಾಯಲಿ. ಪಿಟ್‌ಗೆ ಬರಬ್ಯಾಡ್ರಿ. ಅಲ್ಲಿಂದ ಎರಡು ಲ್ಯಾಪ್, ಹಿಂದಿನ ಸೀಟಿನ್ಯಾಗ ಅತ್ತಿ ಕುಂತಾರ ಅನ್ನೂವಂಗ ಮೆಲ್ಲಕ ಹೋಗ್ರಿ. ಆಮ್ಯಾಲ ಮತ್ತ ಮೂರನೇ ತಿರುವಿಗೆ ಜೋರ್ ಹಾಕ್ರಿ. ಹಿಡಿತ ತಿರುಗಿ ಬಂತಂದ್ರ ಅದು ಕಾವು. ಬರ್ಲಿಲ್ಲಂದ್ರ ಸವೆತ. ಕಾವು ಇಳೀತೈತಿ, ಸವೆದ ರಬ್ಬರ್ ತಿರುಗಿ ಬೆಳೆಯೂದಿಲ್ಲ.

ನಮ್ಮ ಅಂಗಡಿಗೂ ದಿನಾ ಇಂಥವರ ಬರ್ತಾರ. ಮೊನ್ನೆ ಗದಗ ಕಡೆಯವರೊಬ್ಬರು, ಟೈರ್ ಆರು ತಿಂಗಳಿಗೇ ಹೋತು, ಮಾಲ ಖರಾಬ್ ಐತಿ ಅಂದ್ರು. ನಾ ಅಂಗೈ ಇಟ್ಟು ಟೈರ್ ಮ್ಯಾಲ ಅಡ್ಡ ಸವರಿದೆ. ಒಳಗಿಂದ ಹೊರಗ ಸವರಿದ್ರ ನುಣ್ಣಗ ಬರ್ತೈತಿ, ಹೊರಗಿಂದ ಒಳಗ ತಂದ್ರ ಗರಗಸದ ಹಲ್ಲಿನಂಗ ಅಂಗೈಗೆ ಹತ್ತತೈತಿ. ಅದು ಟೋ (ಗಾಲಿ ನೆಟ್ಟಗ ಮುಂದ ನೋಡದ ಒಳಗೋ ಹೊರಗೋ ತಿರುಗಿರೂದು) ತಪ್ಪಿದ ಗುರುತು. ಟೈರಿಂದೇನೂ ತಪ್ಪಿಲ್ಲ, ಅದನ್ನ ಕಿಲೋಮೀಟರ್‌ಗಟ್ಟಲೆ ಅಡ್ಡ ಉಜ್ಜಿಕೋತ ಎಳಕೊಂಡು ಬಂದಾರ. ಅವರ ಕೈ ಹಿಡಿದು ಅದರ ಮ್ಯಾಲ ಸವರಸಿದ ಮ್ಯಾಲ ಸುಮ್ಮನಾದ್ರು. ಗೇಮಿನಾಗ ಅಂಗೈ ಇಡಾಕ ಆಗೂದಿಲ್ಲ, ಅದಕ್ಕ ಆ ಮೂರು ಬಿಸಿ ಅಂಕಿ ಕೊಟ್ಟಾರ.

ನಿಮ್ಮ ಎಡ ಮುಂದಿನ ಟೈರು: ಒಳಗ 121, ಹೊರಗ 104. ಹದಿನೇಳು ಡಿಗ್ರಿ ಫರಕ್. ಕ್ಯಾಂಬರ್ (ಗಾಲಿಯ ತಲಿ ಒಳಗ ವಾಲಿರೂದು) ಭಾಳ ಇಟ್ಟೀರಿ, ಟೈರು ಒಳಗಿನ ಅಂಚಿನ ಮ್ಯಾಲ ನಿಂತು ಓಡಾಕತ್ತೈತಿ. ಒಳಗ ಸ್ವಲ್ಪ ಹೆಚ್ಚಿರೂದು ಬೇಕ, ಆದ್ರ ಹತ್ತರೊಳಗ ಇರಲಿ. ಬಾರ್ಸಿಲೋನಾದಾಗ ಉದ್ದುದ್ದ ತಿರುವೆಲ್ಲ ಬಲಕ್ಕ, ಭಾರ ಪೂರಾ ಎಡ ಮುಂದಿನ ಗಾಲಿ ಮ್ಯಾಲ. ಖರೇ ರೇಸಿನಾಗೂ ಅಲ್ಲಿ ಮೊದಲ ಅಳೂದು ಅದ ಟೈರು.

ಇನ್ನ ಗಾಳಿ. ಆ 26-27 ಅನ್ನೂದು ಕಾಂಪಿಟಿಜಿಯೋನೆಯ 1.9 ಆವೃತ್ತಿ ಬಂದ ಮ್ಯಾಲಿನ ಲೆಕ್ಕ, ಅದೂ ಟೈರ್ ಕಾದ ಮ್ಯಾಲ ಇರಬೇಕಾದ್ದು. ನೀವು ಬ್ಯಾರೆ ಗೇಮಿನ ಬಿಸಿ ಅಂಕಿ ತಂದು ಈ ಗೇಮಿನ ತಣ್ಣನ ಟೈರಿಗೆ ತುಂಬೀರಿ. ಮುಚ್ಚಿದ ಜಾಗಾದಾಗಿನ ಗಾಳಿ ಹತ್ತು ಡಿಗ್ರಿ ಕಾದ್ರ ಈ ಒತ್ತಡಕ್ಕ ಸುಮಾರು 1.3 ಪಿಎಸ್‌ಐ ಏರತೈತಿ. ಅರವತ್ತು ಡಿಗ್ರಿ ಕಾದ್ರ ಎಂಟು. 26ಕ್ಕ ಎಂಟು ಕೂಡಿಸ್ರಿ, ನಿಮ್ಮ 34 ಸಿಗ್ತೈತಿ. ಉಬ್ಬಿದ ಟೈರಿಗೆ ನೆಲ ಸಿಗೂದು ಕಡಿಮಿ, ಜಾರತೈತಿ, ಜಾರಿದಷ್ಟೂ ಕಾಯ್ತೈತಿ, ಕಾದಷ್ಟೂ ಉಬ್ಬತೈತಿ. ತಣ್ಣಗಿದ್ದಾಗ ಐದಾರು ಪಾಯಿಂಟ್ ಇಳಿಸಿ ನೋಡ್ರಿ.

ಆದ್ರ ಒಂದು ಮಾತು. ಇಷ್ಟೆಲ್ಲಾ ತಪ್ಪಿದ್ರೂ ನಾಕ ಲ್ಯಾಪಿಗೆ 121ಕ್ಕ ಹೋಗೂದು ನನಗ ವಿಚಿತ್ರ ಅನಿಸ್ತೈತಿ. ಎಲ್ಲೋ ಇನ್ನೊಂದು ಒಲಿ ಹೊತ್ತೇತಿ. ಸರ್ವರ್ ಫೈಲ್ ತಿಳಿದವರು ನೋಡ್ರಿ.


ಹೊಲಿಗೆಮಷಿನ್_ರೇಸರ್

ಕಾಕಾ, ಈಗಷ್ಟೇ ಅತ್ತೆ ಲ್ಯಾಪ್ ಹೊಡೆದು ಬಂದೆ. ಎರಡಲ್ಲ, ಮೂರು ಬೇಕಾಯ್ತು, ಆದ್ರೆ ಹಿಡಿತ ವಾಪಸ್ ಬಂತು! ಮೂರನೇ ತಿರುವಲ್ಲಿ ಕೈಗೆ ತೂಕ ಸಿಕ್ತು, ಮಷಿನ್ ಟೇಬಲ್ ಕಿರ್ ಅಂತು. ಒಂದೇ ಲ್ಯಾಪು, ಆಮೇಲೆ ಮತ್ತೆ ಬೆಣ್ಣೆ. ಹದಿನೈದು ದಿನದಿಂದ ಸವೆತದ ಅಂಕಿ ಹಿಡ್ಕೊಂಡು ತಿರುಗಿಸ್ತಾ ಕೂತಿದ್ದೆನಲ್ಲ ನಾನು.


ಪಡುಬಿದ್ರಿ_ಪಿಟ್‌ಲೇನ್

ಆ ಇನ್ನೊಂದು ಒಲೆ ಇಲ್ಲಿ ಉಂಟು ಮಾರಾಯ್ರೆ: "ರೋಡ್ 45".

ಸರ್ವರ್ ಫೈಲಿನಲ್ಲಿ ರೋಡ್ ಅಂತ ಬರೆಯುವುದು ರಸ್ತೆಯ ಬಿಸಿ ಅಲ್ಲ. ಗಾಳಿಯ ಬಿಸಿಗಿಂತ ರಸ್ತೆ ಎಷ್ಟು ಹೆಚ್ಚು ಅಂತ. ಅದು ಆಂಬಿಯೆಂಟಿಗೆ ಕೂಡಿಸುವ ಅಂಕಿ, ಬೇಕಾದರೆ ಮೈನಸ್ ಕೂಡ ಹಾಕಬಹುದು. ನೀವು 34ಕ್ಕೆ 45 ಕೂಡಿಸಿದ್ದೀರಿ. ನಿಮ್ಮ ಬಾರ್ಸಿಲೋನಾದ ರಸ್ತೆ 79 ಡಿಗ್ರಿ ಇತ್ತು. ಟೈರ್ ಐದನೇ ಲ್ಯಾಪಿನವರೆಗೆ ಬಂದದ್ದೇ ದೊಡ್ಡದು. ನಿಮಗೆ 45 ಬೇಕಿದ್ದರೆ ಅಲ್ಲಿ 11 ಬರೆಯಿರಿ. ನಾಚಿಕೆ ಬೇಡ, ಸರ್ವರ್ ಶುರು ಮಾಡಿದ ವರ್ಷ ನಾನೂ ಇದನ್ನೇ ಮಾಡಿದ್ದೇನೆ. ನನ್ನದು 68 ಆಗಿತ್ತು, ಅಷ್ಟೇ ವ್ಯತ್ಯಾಸ.

ಲ್ಯಾಪ್ ಗೇನ್ ಕೂಡ ನೀವು ತಿಳಿದದ್ದಕ್ಕೆ ಉಲ್ಟಾ. ಹಿಡಿತ ಶೇಕಡಾ ಒಂದು ಏರಲಿಕ್ಕೆ ಎಷ್ಟು ಲ್ಯಾಪ್ ಬೇಕು ಅಂತ ಅದು ಕೇಳುವುದು. 200 ಅಂದರೆ ಇನ್ನೂರು ಲ್ಯಾಪ್ ಆದ ಮೇಲೆ 86 ಇದ್ದದ್ದು 87 ಆಗುತ್ತದೆ. ನೀವು ಎಂಟು ಜನ ತಲಾ 24 ಲ್ಯಾಪ್ ಹೊಡೆದರೂ ಒಟ್ಟು 192. ರೇಸ್ ಮುಗಿಯುವವರೆಗೂ ಧೂಳಿನಲ್ಲೇ ಓಡಿದ್ದೀರಿ. ಮತ್ತೆ, 86 ಅನ್ನುವುದು ಆ ಗೇಮಿನ "ಡಸ್ಟಿ" ಅಂಕಿ, ಅದಕ್ಕಿಂತ ಕೆಟ್ಟ ರಸ್ತೆ ಸಿದ್ಧ ಪಟ್ಟಿಯಲ್ಲಿ ಇಲ್ಲ. 96ರಿಂದ ಶುರು ಮಾಡಿ, ಲ್ಯಾಪ್ ಗೇನ್ 50 ಇಡಿ. ಕೊನೆ ಕೊನೆಗೆ ರಸ್ತೆ ನೂರರ ಹತ್ತಿರ ಬರುತ್ತದೆ, ಅಷ್ಟರಲ್ಲಿ ಟೈರ್ ಹಳತಾಗಿರುತ್ತದೆ. ಒಂದು ಏರುವಾಗ ಇನ್ನೊಂದು ಇಳಿಯುತ್ತದೆ, ಮಜಾ ಇರುವುದು ಅಲ್ಲೇ.

ಈಗ ನೀವು ಕೇಳಿದ ಸವೆತ. ಕೆಲವು ಆ್ಯಪ್‌ಗಳಲ್ಲಿ ಟೈರ್ 94 ಅಂತ ನೋಡಿ "ಇನ್ನೂ 94 ಭಾಗ ರಬ್ಬರ್ ಉಂಟಲ್ಲ" ಅಂತ ಜನ ಹೋಗುತ್ತಾ ಇರುತ್ತಾರೆ. ಅದನ್ನು ಉಳಿದ ರಬ್ಬರ್ ಅಂತ ಓದಬೇಡಿ, ಉಳಿದ ಹಿಡಿತ ಅಂತ ಓದಿ. ಕಾರಿನ ಡೇಟಾದಲ್ಲಿ ಪ್ರತಿ ಟೈರಿಗೂ ಒಂದು ಸವೆತದ ಪಟ್ಟಿ ಇರುತ್ತದೆ, ಎಡಗಡೆ ಕಿಲೋಮೀಟರ್, ಬಲಗಡೆ ಹಿಡಿತದ ಶೇಕಡಾ. ಆ ಕಿಲೋಮೀಟರ್ ಕೂಡ ಓಡಿದ ದೂರ ಅಲ್ಲ. ಟೈರ್ ಜಾರಿದಷ್ಟೂ ಅದು ಬೇಗ ಬೇಗ ಓಡುತ್ತದೆ. ನಿಮ್ಮ 500, 200 ಎಲ್ಲ ಆ ಮೀಟರನ್ನು ಐದು ಪಟ್ಟು, ಎರಡು ಪಟ್ಟು ಓಡಿಸುವುದು, ಅಷ್ಟೇ. 24 ಲ್ಯಾಪ್ ಅಂದರೆ 112 ಕಿಲೋಮೀಟರ್ ಹತ್ತಿರ. ಐದು ಪಟ್ಟು ಮಾಡಿದರೆ ಮಂಗಳೂರಿನಿಂದ ಬೆಂಗಳೂರು ದಾಟಿ ಮತ್ತೂ ಮುಂದೆ ಹೋದಷ್ಟು.

94 ಅಂದರೆ ಎಷ್ಟು ಕೆಟ್ಟದ್ದು? ತಿರುವಿನ ವೇಗ ಹಿಡಿತದ ವರ್ಗಮೂಲಕ್ಕೆ ತಕ್ಕ ಹಾಗೆ ಇಳಿಯುತ್ತದೆ. ಹಿಡಿತ ಆರು ಹೋದರೆ ವೇಗ ಮೂರು ಹೋಯಿತು. ನೇರ ದಾರಿಯಲ್ಲಿ ಏನೂ ಹೋಗುವುದಿಲ್ಲ ಅಂದುಕೊಂಡರೂ ನಿಮ್ಮ 1:48ರಲ್ಲಿ ಎರಡು ಸೆಕೆಂಡು ಹೋಗುತ್ತದೆ. ರಸ್ತೆ 86 ಇದ್ದಾಗ ಎರಡನ್ನೂ ಗುಣಿಸಿ ನೋಡಿ, 81ಕ್ಕೆ ಬಂದು ಬೀಳುತ್ತೀರಿ.

ಆದ್ದರಿಂದ: ರೋಡ್ 11, ಟ್ರ್ಯಾಕ್ 96, ಲ್ಯಾಪ್ ಗೇನ್ 50, ಸವೆತ 200. ಕಾಕಾ ಹೇಳಿದ ಹಾಗೆ ಗಾಳಿ, ಕ್ಯಾಂಬರ್ ಇಳಿಸಿ. ಎಲ್ಲಾ ಒಟ್ಟಿಗೆ ಬದಲಾಯಿಸಿ ಸೀದಾ ರೇಸಿಗೆ ಹೋಗಬೇಡಿ, ನೀವು ಸಿಕ್ಕಿ ಬಿದ್ದದ್ದೇ ಹಾಗೆ, ಸವೆತ ಮತ್ತು ಹವೆ ಎರಡನ್ನೂ ಒಂದೇ ರಾತ್ರಿ ಮುಟ್ಟಿದ್ದರಿಂದ. ಮೊದಲು ರೋಡ್ ಒಂದನ್ನೇ ಸರಿ ಮಾಡಿ ಹತ್ತು ಲ್ಯಾಪ್ ಓಡಿಸಿ. ಟೈರ್ ಫೈಲನ್ನು ಇನ್ನೊಮ್ಮೆ ಮುಟ್ಟಬೇಡಿ ದಯವಿಟ್ಟು. ಎಲ್ಲರ ಹತ್ತಿರ ಒಂದೇ ಫೈಲ್ ಇರಬೇಕು ಅಂತಲೇ ಆ ಚೆಕ್‌ಸಮ್ ಇರುವುದು.


ಹೊಲಿಗೆಮಷಿನ್_ರೇಸರ್

79.

ನಮ್ಮ ವಾಟ್ಸಾಪ್ ಗ್ರೂಪಲ್ಲಿ ಮೇಲಕ್ಕೆ ಹೋಗಿ ನೋಡಿದೆ. ಮೊದಲನೇ ರಾತ್ರಿನೇ ಒಬ್ಬ ಲಾಬಿಯ ಫೋಟೋ ಹಾಕಿ "ರಸ್ತೆ 79 ಅಂತೆ, ದೋಸೆ ಹುಯ್ಕೊಂಡು ಬರ್ಲಾ?" ಅಂತ ಕೇಳಿದ್ದಾನೆ. ನಾನು ನಗೋ ಎಮೋಜಿ ಒತ್ತಿದ್ದೀನಿ. ಗೇಮು ತಪ್ಪು ತೋರಿಸ್ತಿದೆ ಅಂದ್ಕೊಂಡಿದ್ದೆ.

ಶನಿವಾರದ ವರದಿ. ಬುಧವಾರ ರೋಡ್ ಮಾತ್ರ 11 ಮಾಡಿ ಓಡಿಸಿದೆ, ಐದನೇ ಲ್ಯಾಪಿನ ಬೆಣ್ಣೆ ಮಾಯ. ಗುರುವಾರ ಕರೆಂಟ್ ಇರಲಿಲ್ಲ. ಶುಕ್ರವಾರ ಗಾಳಿ 26ರಿಂದ 21ಕ್ಕೆ ಇಳಿಸಿದೆ, ಕ್ಯಾಂಬರ್ ಒಂದು ಡಿಗ್ರಿ ತೆಗೆದೆ. ಎಡ ಮುಂದಿನ ಟೈರ್ ಈಗ ಒಳಗೆ 96, ಹೊರಗೆ 88. ಆಮೇಲೆ ಟ್ರ್ಯಾಕ್ 96, ಲ್ಯಾಪ್ ಗೇನ್ 50, ಸವೆತ 200.

ರೇಸು ಅಂದ್ರೆ ರೇಸು. ನಾನು ಸಾಫ್ಟ್ ಹಾಕ್ದೆ, ಚಿಕ್ಕಪ್ಪನ ಮಗ ಹಾರ್ಡ್. ಮೊದಲ ಐದು ಲ್ಯಾಪಲ್ಲೇ ಅವನನ್ನ ನಾಲ್ಕು ಸೆಕೆಂಡ್ ಹಿಂದೆ ಬಿಟ್ಟೆ. ಹನ್ನೊಂದರ ಹೊತ್ತಿಗೆ ಅದು ಒಂಬತ್ತಾಗಿತ್ತು. ಹದಿಮೂರರಲ್ಲಿ ಮುಂದಿನ ಟೈರು ಮಾತು ಕೇಳೋದು ಬಿಡ್ತು, ಆದ್ರೆ ಹಿಂದಿನ ಥರ ದಿಢೀರ್ ಅಂತ ಅಲ್ಲ. ಪ್ರತಿ ಲ್ಯಾಪೂ ತಿರುವಲ್ಲಿ ಅರ್ಧ ಅಡಿ ಹೊರಗೆ, ಅರ್ಧ ಅಡಿ ಹೊರಗೆ. ಇಳಿತಾ ಇರೋದು ಕೈಗೆ ಗೊತ್ತಾಗುತ್ತೆ. ಹದಿನಾಲ್ಕರಲ್ಲಿ ಪಿಟ್‌ಗೆ ಬಂದೆ, ಅವನು ಬರಲೇ ಇಲ್ಲ. ಕೊನೇ ಎರಡು ಲ್ಯಾಪ್ ಅವನ ಹಿಂದಿನ ಬಂಪರ್ ಓದ್ಕೊಂಡೇ ಬಂದೆ, ದಾಟೋಕಾಗ್ಲಿಲ್ಲ. 0.8 ಸೆಕೆಂಡಲ್ಲಿ ಸೋತೆ. ಸೋತ ಮೇಲೆ ಇಷ್ಟು ಖುಷಿ ಆಗಿದ್ದು ಇದೇ ಮೊದಲು. ಒಬ್ಬ ಮೀಡಿಯಮ್ಮಲ್ಲಿ ಶುರು ಮಾಡಿ ಮೂರನೇ ಜಾಗ ಹೊಡೆದ. ಫೋನಲ್ಲಿ ಹನ್ನೆರಡೂವರೆವರೆಗೂ ಯಾರು ಯಾವಾಗ ಪಿಟ್‌ಗೆ ಬರಬೇಕಿತ್ತು ಅಂತ ಜಗಳ. ಅಮ್ಮ ಬಂದು ದೀಪ ಆರಿಸಿದ್ರು.

ಕಾಕಾ, ಒಂದು ಪ್ರಶ್ನೆ ಉಳೀತು. ಮುಂದಿನದು ಸರಿಹೋದ ಮೇಲೆ ಈಗ ಬಲ ಹಿಂದಿನ ಟೈರು ಉಳಿದ ಮೂರಕ್ಕಿಂತ ಬಿಸಿ ಆಗ್ತಿದೆ. ಕಾಯ್ತಿರೋದು ತಿರುವಲ್ಲಲ್ಲ, ನೇರ ದಾರೀಲಿ. ಅದ್ಯಾಕೆ?


ಅಲೈನ್‌ಮೆಂಟ್_ಕಾಕಾ

ನೇರ ದಾರ್ಯಾಗ ಕಾಯ್ತೈತಿ ಅಂದ್ರ ಟೈರು ಅಡ್ಡ ಉಜ್ಜಿಕೋತ ಹೊಂಟೈತಿ. ಗದಗದವರ ಗಾಡಿ ನೆನಪೈತೇನ್ರಿ? ಹಿಂದಿನ ಟೋ ಎಷ್ಟಿಟ್ಟೀರಿ, ಬಲಕ್ಕೂ ಎಡಕ್ಕೂ ಒಂದ ಐತಿಲ್ಲೋ, ಸೆಟಪ್ ಪುಟದ ಫೋಟೋ ಹಾಕ್ರಿ. ಅಂಗಡಿ ಮುಚ್ಚಿ ಎಂಟಕ್ಕ ನೋಡ್ತೀನಿ.


ಕಾಫಿತೋಟ_ಡ್ರಿಫ್ಟ್

ಸೊನ್ನೆ ಇಡಿ ಅಂದಿದ್ದು ವಾಪಸ್ ತಗೊಂಡೆ. ಒಂಬತ್ತನೆಯವನಿಗೆ ಜಾಗ ಇದೆಯಾ?